ಸ್ಪ್ಯಾನಿಷ್‌ನಲ್ಲಿ ತಾರೀಖು ಹೇಳುವಾಗ ತಡವರಿಸುತ್ತೇನೆ, ನೀವು ಹೇಗೆ ಕಲಿತಿರಿ?

ಕೇಳಿದವರು, ಬೆಂಗಳೂರು:
ಆಫೀಸಿನ ಕೆಲಸಕ್ಕೆ ಎರಡು ತಿಂಗಳಲ್ಲಿ ಮೆಕ್ಸಿಕೊದ ಗ್ವಾಡಲಹಾರಾಗೆ ಹೋಗಬೇಕು. ಸ್ಪ್ಯಾನಿಷ್ ಕ್ಲಾಸಿಗೆ ಸೇರಿ ಆರು ವಾರ ಆಯಿತು. ವಾರ, ತಿಂಗಳ ಹೆಸರು ಬಾಯಿಪಾಠ ಇದೆ. ಆದರೆ ಫೋನಿನಲ್ಲಿ "ಯಾವತ್ತು ಕಳಿಸುತ್ತೀರಿ?" ಎಂದು ಕೇಳಿದರೆ ಮುಗಿಯಿತು. ನಾನು ಇಂಗ್ಲಿಷ್‌ನಲ್ಲಿ ಯೋಚಿಸಿ, ತಿರುಗಿಸಿ ಹೇಳುವಷ್ಟರಲ್ಲಿ ಅವರೇ ಇಂಗ್ಲಿಷಿಗೆ ಬಂದುಬಿಡುತ್ತಾರೆ. ಕಲಿತವರು ದಾರಿ ಹೇಳಿ.

ಮೆಕ್ಸಿಕೊದಲ್ಲಿ ನಾಲ್ಕು ವರ್ಷ ಇದ್ದವರು:
ಇಂಗ್ಲಿಷ್ ಬಿಡಿ, ಕನ್ನಡದಿಂದಲೇ ನೇರ ಹೋಗಿ. ಸುಮ್ನೆ ಹೇಳುತ್ತಿಲ್ಲ. ಸೋಮ ಅಂದರೆ ಚಂದ್ರ. ಅಲ್ಲಿ ಚಂದ್ರನಿಗೆ ಲೂನಾ, ಸೋಮವಾರಕ್ಕೆ ಲೂನೆಸ್. ಮಾರ್ತೆಸ್ ಮಂಗಳನದು, ಮಿಯೆರ್ಕೊಲೆಸ್ ಬುಧನದು, ಹ್ವೇಬೆಸ್ ಗುರುವಿನದು, ಬಿಯೆರ್ನೆಸ್ ಶುಕ್ರನದು. ಐದು ದಿನವೂ ನಮ್ಮ ಗ್ರಹಗಳೇ. ಶನಿವಾರದ ಸಾಬಾದೊ ಯಹೂದಿಗಳ ಸಬ್ಬತ್‌ನಿಂದ ಬಂದದ್ದು, ಭಾನುವಾರದ ದೊಮಿಂಗೊ ಅಂದರೆ ಪ್ರಭುವಿನ ದಿನ. ಅವೆರಡನ್ನು ಮಾತ್ರ ಉರು ಹೊಡೆಯಿರಿ.

ಇಸವಿಯೂ ಹಾಗೇ. 1947ನ್ನು ಇಂಗ್ಲಿಷ್‌ನವರು ಹತ್ತೊಂಬತ್ತು, ನಲವತ್ತೇಳು ಎಂದು ಎರಡು ತುಂಡು ಮಾಡುತ್ತಾರೆ. ನಾವು "ಸಾವಿರದ ಒಂಬೈನೂರ ನಲವತ್ತೇಳು" ಅನ್ನುತ್ತೇವೆ ಅಲ್ವಾ? ಅವರೂ "ಮಿಲ್ ನೊಬೆಸಿಯೆಂತೋಸ್ ಕ್ವಾರೆಂತಾ ಇ ಸಿಯೇತೆ" ಅನ್ನುತ್ತಾರೆ. ನಮ್ಮ ಹಾಗೆ ಸಾವಿರದ ಹಿಂದೆ "ಒಂದು" ಕೂಡ ಸೇರಿಸುವುದಿಲ್ಲ.

ಒಂದು ಕಡೆ ಹುಷಾರು. ಸೋಮವಾರ ಬರುತ್ತೇನೆ ಎನ್ನಲು "ಎಲ್ ಲೂನೆಸ್" ಸಾಕು, "ಎನ್" ಸೇರಿಸಬೇಡಿ. "ಲೋಸ್ ಲೂನೆಸ್" ಎಂದರೆ ಪ್ರತಿ ಸೋಮವಾರ. ಹೋದ ಹೊಸತರಲ್ಲಿ ನೀರಿನ ಕ್ಯಾನ್ ತರುವವನಿಗೆ ನಾನು ಲೋಸ್ ಲೂನೆಸ್ ಎಂದಿದ್ದೆ. ಅಲ್ಲಿ ಅದಕ್ಕೆ ಗರಾಫೋನ್ ಅನ್ನುತ್ತಾರೆ, ನಮ್ಮ 20 ಲೀಟರ್ ಕ್ಯಾನೇ. ಒಬ್ಬಳೇ ಇರುವ ಮನೆ. ಮೂರನೇ ಸೋಮವಾರ ಅಡುಗೆಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಧಾರವಾಡದವರು, ಈಗ ಮ್ಯಾಡ್ರಿಡ್:
ಮೇಲಿನವರು ಹೇಳಿದ್ದು ಮುಕ್ಕಾಲು ಸರಿ. ಕನ್ನಡವೂ ಕಾಲು ಎಳೆಯುತ್ತದೆ. ನಾವು ಹದಿನೈದ"ನೇ" ತಾರೀಖು ಅನ್ನುತ್ತೇವೆ. ಅಲ್ಲಿ ಬರೀ ಹದಿನೈದು: "ಎಲ್ ಕಿನ್ಸೆ ದೆ ಅಗೋಸ್ತೊ". ಈ "ನೇ" ಬಿಡಿಸಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಒಂದನೇ ತಾರೀಖಿಗೆ ಮಾತ್ರ "ಪ್ರಿಮೇರೊ". ಸ್ಪೇನ್‌ನಲ್ಲಿ "ಊನೊ" ಎಂದೂ ಹೇಳುತ್ತಾರೆ, ಮೆಕ್ಸಿಕೊಗೆ ಪ್ರಿಮೇರೊ ಇಟ್ಟುಕೊಳ್ಳಿ. ತಿಂಗಳಿಗೂ ಇಸವಿಗೂ ನಡುವೆ ಇನ್ನೊಂದು "ದೆ" ಬರುತ್ತದೆ, ಅದನ್ನು ನುಂಗಬೇಡಿ.

ಇಲ್ಲಿನ ಕ್ಯಾಲೆಂಡರ್ ನೋಡಿದರೆ ಬುಧವಾರದ ಮೇಲೆ ಎಕ್ಸ್ ಅಂತ ಇರುತ್ತದೆ. ರಜೆ ಇರಬೇಕು ಎಂದುಕೊಂಡಿದ್ದೆ! ಮಂಗಳವಾರಕ್ಕೂ ಬುಧವಾರಕ್ಕೂ ಎಮ್ ಬಂದರೆ ಗಲಿಬಿಲಿ ಅಂತ ಹಾಗೆ ಬರೆಯುತ್ತಾರೆ ಅಷ್ಟೇ. ಅಂದ ಹಾಗೆ, ಇಲ್ಲಿ ಅಪಶಕುನ ಶುಕ್ರವಾರ 13 ಅಲ್ಲ, ಮಂಗಳವಾರ 13. ಮಂಗಳವಾರ ಒಳ್ಳೆಯ ಕೆಲಸ ಶುರು ಮಾಡಬೇಡ ಎನ್ನುತ್ತಿದ್ದ ನಮ್ಮ ಅವ್ವನಿಗೆ ಇದು ಕೇಳಿ ಬಲು ಖುಷಿ.

ಹಲ್ಲುನೋವಿನಿಂದ ಪಾಠ ಕಲಿತವರು:
ಮೆಕ್ಸಿಕೊದಲ್ಲಿ ಹಲ್ಲಿನ ಡಾಕ್ಟರ್ ಮಂಗಳವಾರ ನೋಡಿ, "ದೆ ಓಯ್ ಎನ್ ಓಚೊ" ಬನ್ನಿ ಎಂದರು. ಇವತ್ತಿಗೆ ಎಂಟು. ನಾನು ಬೆರಳು ಮಡಚಿ ಎಂಟು ದಿನ ಎಣಿಸಿ ಬುಧವಾರ ಹೋದೆ. ನಿಮ್ಮ ಸರದಿ ನಿನ್ನೆ ಇತ್ತು ಎಂದರು. ಅವರ ಎಂಟರಲ್ಲಿ ಇವತ್ತೂ ಸೇರಿದೆ, ಅಂದರೆ ಮುಂದಿನ ಮಂಗಳವಾರ. ಎರಡು ವಾರಕ್ಕೆ "ಕಿನ್ಸೆ ದಿಯಾಸ್", ಹದಿನೈದು ದಿನ. ನಾವೂ "ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತೇನೆ" ಎನ್ನುವಾಗ ಹದಿನಾಲ್ಕು ಅಂತ ಲೆಕ್ಕ ಹಾಕುತ್ತೇವೆಯೇ? ಅಷ್ಟು ಹೊತ್ತು ನೋವಿನಲ್ಲಿ ಕೂತಾಗ ಇದು ಹೊಳೆಯಿತು.

ಇನ್ನೊಂದು ಸುಲಭದ್ದು. ನಾಡಿದ್ದು ಎನ್ನಲು "ಪಸಾದೊ ಮನ್ಯಾನಾ", ಮೊನ್ನೆಗೆ ಮೆಕ್ಸಿಕೊದಲ್ಲಿ "ಆಂತಿಯೆರ್". ಇಂಗ್ಲಿಷ್‌ನಲ್ಲಿ ಸುತ್ತಿ ಬಳಸಿ ಹೇಳಬೇಕಾದದ್ದು ಇಲ್ಲಿ ತಟ್ಟನೆ ಬರುತ್ತದೆ. ಮನ್ಯಾನಾ ಎಂದರೆ ನಾಳೆಯೂ ಹೌದು, ಬೆಳಿಗ್ಗೆಯೂ ಹೌದು. ನಾಳೆ ಬೆಳಿಗ್ಗೆಗೆ "ಮನ್ಯಾನಾ ಪೋರ್ ಲಾ ಮನ್ಯಾನಾ". ನಗಬೇಡಿ, ಅದೇ ಸರಿ.

ಮೈಸೂರಿನಿಂದ:
ನನ್ನದು ಚಿಕ್ಕ ಅಭ್ಯಾಸ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸುವ ಮೊದಲು ಅದರ ಮೇಲಿನ ತಾರೀಖನ್ನು ಸ್ಪ್ಯಾನಿಷ್‌ನಲ್ಲಿ ಜೋರಾಗಿ ಓದುತ್ತೇನೆ. ಕರೆಂಟ್ ಬಿಲ್ ಬಂದರೆ ಅದನ್ನೂ. ಹನ್ನೆರಡಂತೂ ಯಾವತ್ತೂ ಮರೆಯುವುದಿಲ್ಲ, ಮೆಕ್ಸಿಕೊದವರ ಬಾಯಲ್ಲಿ ಅದು "ದೋಸೆ"! ಫೋನಿನಲ್ಲಿ ಜಾಸ್ತಿ ಕೈಕೊಡುವುದು ಹೂನಿಯೊ, ಹೂಲಿಯೊ. ಮೊದಲನೆಯದು ಜೂನ್, ಎರಡನೆಯದು ಜುಲೈ. ಅನುಮಾನ ಬಂದರೆ ನಾಚಿಕೆ ಬಿಟ್ಟು "ಆರನೇ ತಿಂಗಳಾ?" ಎಂದು ಕೇಳಿಬಿಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಹುಟ್ಟಿದ ದಿನ ಬರೆಯುತ್ತೇನೆ, ತಿದ್ದಿ. ಎಲ್ ದೋಸೆ ದೆ ಹೂಲಿಯೊ ದೆ ಮಿಲ್ ನೊಬೆಸಿಯೆಂತೋಸ್ ನೊಬೆಂತಾ ಇ ಸೇಯ್ಸ್.

ಮೈಸೂರಿನಿಂದ:
ದೋಸೆ ಸರಿ, ಎರಡು "ದೆ" ಸರಿ, ಇಸವಿ ಸರಿ. ಜುಲೈ ತಾನೇ?

ಕೇಳಿದವರು:
ಜೂನ್. ಅಯ್ಯೋ.