ಪದಚರ್ಚೆ: ‘ಪ್ರತಿರೋಧ ತರಬೇತಿ’ಗೆ ಬದಲು ‘ಭಾರದ ತಾಲೀಮು’ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರವಿರುವ ನಮ್ಮೂರಿನ ಯುವಕ ಸಂಘದವರು ಸಣ್ಣದೊಂದು ವ್ಯಾಯಾಮಶಾಲೆ ತೆರೆದಿದ್ದಾರೆ. ಅಲ್ಲಿಗೆ ಬರುವವರ ಕೈಗೆ ಕೊಡಲು ಎರಡು ಪುಟದ ಕರಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೈಕಟ್ಟು ಬೆಳೆಸುವುದು ಹೇಗೆ, ಡಬ್ಬಿಯ ಪ್ರೋಟೀನ್ ಬೇಕೇ ಬೇಡವೇ ಎಂಬುದು ವಿಷಯ. ಹೇಳಬೇಕಾದದ್ದು ಸ್ಪಷ್ಟವಾಗಿದೆ, ಪದಗಳು ಮಾತ್ರ ಕೈಕೊಡುತ್ತಿವೆ.

ಮೊದಲನೆಯದು ‘ರೆಸಿಸ್ಟೆನ್ಸ್ ಟ್ರೈನಿಂಗ್’, ಅಂದರೆ ಭಾರ ಎತ್ತಿ, ಎಳೆದು ಮಾಂಸಖಂಡವನ್ನು ಬಲಪಡಿಸುವುದು. ಇದಕ್ಕೆ ‘ಪ್ರತಿರೋಧ ತರಬೇತಿ’ ಎಂಬ ಅನುವಾದ ಓಡಾಡುತ್ತಿದೆ. 1942ರ ಈಸೂರಿನ ಸ್ವಾತಂತ್ರ್ಯ ಹೋರಾಟ, 1951ರ ಕಾಗೋಡಿನ ರೈತ ಸತ್ಯಾಗ್ರಹ ಎರಡೂ ನಮ್ಮ ಜಿಲ್ಲೆಯವೇ. ಇಲ್ಲಿ ಪ್ರತಿರೋಧದ ತರಬೇತಿ ಎಂದರೆ ಧರಣಿಗೆ ಸಿದ್ಧತೆ ಎಂದುಕೊಂಡಾರು! ‘ವ್ಯಾಯಾಮ’ ಎಂದರೆ ಬೆಳಗಿನ ನಡಿಗೆಯೂ ಅದರೊಳಗೆ ಬಂದುಬಿಡುತ್ತದೆ. ‘ಕಸರತ್ತು’ ಸಂಪುಟ ವಿಸ್ತರಣೆಯ ವರದಿಗಾರರ ಪಾಲಾಗಿ ಬಹಳ ಕಾಲವಾಯಿತು. ಗರಡಿಮನೆಯ ‘ಸಾಮು’ ನನಗೆ ಬಹಳ ಇಷ್ಟದ ಪದ, ಆದರೆ ಈಗಿನ ಹುಡುಗರು ಅದನ್ನು ಕೇಳಿಯೇ ಇಲ್ಲ.

ಉಳಿದದ್ದು ‘ತಾಲೀಮು’. ದಸರಾ ಹತ್ತಿರವಾದಾಗ ‘ಗಜಪಡೆಗೆ ಭಾರ ಹೊರುವ ತಾಲೀಮು’ ಎಂದು ಪತ್ರಿಕೆಗಳು ಬರೆಯುತ್ತವೆ. ಮೈಸೂರಿನಲ್ಲಿ ಸುಮಾರು 750 ಕೆ.ಜಿ. ತೂಕದ ಅಂಬಾರಿ ಹೊರಬೇಕಾದ ಆನೆಗೆ ಮೊದಲ ದಿನವೇ ಅಷ್ಟನ್ನು ಹೇರುವುದಿಲ್ಲ. ಮರಳಿನ ಮೂಟೆ ಕಟ್ಟಿ ನಡೆಸುತ್ತಾರೆ, ಹಂತಹಂತವಾಗಿ ತೂಕ ಏರಿಸುತ್ತಾರೆ. ನಮ್ಮ ಸಕ್ರೆಬೈಲಿನ ಆನೆಗಳ ಸುದ್ದಿಯಲ್ಲೂ ಇದೇ ಪದ. ನಾನು ಹೇಳಬೇಕಾದದ್ದರ ತಿರುಳೂ ಇದೇ: ಇಂದು ಸಲೀಸಾಗಿ ಎತ್ತಿದ್ದಕ್ಕೆ ಮುಂದೆ ಸ್ವಲ್ಪ ಸೇರಿಸಬೇಕು. ವರ್ಷವಿಡೀ ಅದೇ ತೂಕವನ್ನು ಅಷ್ಟೇ ಬಾರಿ ಎತ್ತುತ್ತಿದ್ದರೆ ಮಾಂಸಖಂಡಕ್ಕೆ ಬೆಳೆಯಲು ಕಾರಣವೇ ಇರುವುದಿಲ್ಲ. ಆದ್ದರಿಂದ ‘ಭಾರದ ತಾಲೀಮು’ ಎಂದು ಬರೆದಿದ್ದೇನೆ. ಬಸ್ಕಿ, ದಂಡಗಳಲ್ಲಿ ನಮ್ಮ ಮೈಯೇ ಭಾರ ಎನ್ನೋಣ. ರಬ್ಬರ್ ಪಟ್ಟಿ ಎಳೆಯುವುದೂ ಇದೇ ಬಗೆಯ ತಾಲೀಮು, ಅಲ್ಲಿ ಮಾತ್ರ ಭಾರವೆಂಬುದಿಲ್ಲ. ಇದಕ್ಕೆ ಯಾರಾದರೂ ದಾರಿ ತೋರಿಸಬೇಕು.

ಎರಡನೆಯದು ‘ಶಕ್ತಿ’. ನನಗೆ ಹೆಚ್ಚು ತಲೆಬಿಸಿ ತಂದಿರುವುದು ಇದೇ. ಒಂದು ಗ್ರಾಂ ಪ್ರೋಟೀನಿನಿಂದ ಸಿಗುವ ಸುಮಾರು 4 ಕಿಲೊಕ್ಯಾಲೊರಿಯೂ ಶಕ್ತಿ, ಅಕ್ಕಿಮೂಟೆ ಎತ್ತುವವನದ್ದೂ ಶಕ್ತಿ. ಒಂದೇ ಪದ ಎರಡಕ್ಕೂ ನಿಂತರೆ ಪುಡಿ ಕಲಸಿ ಕುಡಿದವನು ತೋಳಿಗೆ ಬಲ ಬಂತೆಂದು ನಂಬುತ್ತಾನೆ. 49 ಪ್ರಯೋಗಗಳ, 1,863 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ತಾಲೀಮಿನ ಜೊತೆಗೆ ಹೆಚ್ಚುವರಿ ಪ್ರೋಟೀನ್ ಸೇವಿಸಿದವರು, ಬರೀ ತಾಲೀಮು ಮಾಡಿದವರಿಗಿಂತ ಮುಂದಿದ್ದದ್ದು ಸರಾಸರಿ ಇಷ್ಟು: ಕೊಬ್ಬು ಕಳೆದು ಉಳಿದ ಮೈತೂಕದಲ್ಲಿ 0.3 ಕೆ.ಜಿ., ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಸುಮಾರು 2.5 ಕೆ.ಜಿ. ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1.6 ಗ್ರಾಂ ದಾಟಿದ ಮೇಲೆ ಮಾಂಸಖಂಡಕ್ಕೆ ಹೆಚ್ಚಿನ ಲಾಭ ಕಾಣಲಿಲ್ಲ. ಅದೂ ಡಬ್ಬಿಯದೊಂದೇ ಅಲ್ಲ. ಬೇಳೆ, ಹಾಲು, ಮೊಟ್ಟೆ, ಮೀನು ಎಲ್ಲ ಸೇರಿದ ಲೆಕ್ಕ.

ಇದನ್ನು ಗೊಂದಲವಿಲ್ಲದೆ ಹೇಳಲು ಆಹಾರದ್ದಕ್ಕೆ ‘ಶಕ್ತಿ’, ಮೈಯದಕ್ಕೆ ‘ಕಸುವು’ ಎಂದು ಬೇರ್ಪಡಿಸಿದ್ದೇನೆ. ಅಡಿಕೆ ತೋಟದಲ್ಲಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನನ್ನು ನೋಡಿ. ತೋಳು ದಪ್ಪವೇನಲ್ಲ, ಆದರೂ ಮರದ ತುದಿಯಲ್ಲಿ ಕುಳಿತು ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾನೆ. ಅವನಿಗಿರುವುದು ಕಸುವು. ಗಾತ್ರವೇ ಬಲವಲ್ಲ ಎನ್ನುವುದಕ್ಕೂ ಈ ಪದ ಒದಗುತ್ತದೆ. ತಾಲೀಮಿನ ಮೊದಲ ಕೆಲವು ವಾರ ಬಲ ಏರುವುದು ಬಹುಪಾಲು ನರಗಳು ಪಳಗುವುದರಿಂದ, ಮಾಂಸಖಂಡ ದಪ್ಪವಾಗುವುದು ಆಮೇಲೆ. ‘ನರ’ ಎಂದು ಬರೆಯುವುದಕ್ಕೂ ಅಳುಕು! ನಮ್ಮ ಕಡೆ ಮೀನಖಂಡ ಹಿಡಿದುಕೊಂಡರೂ ‘ನರ ಹಿಡಿಯಿತು’, ಕೈಯ ರಕ್ತನಾಳ ಎದ್ದು ಕಂಡರೂ ‘ನರ ಉಬ್ಬಿದೆ’.

‘ಸಪ್ಲಿಮೆಂಟ್’ಗೆ ಬಳಸುವ ‘ಪೂರಕ ಆಹಾರ’ವನ್ನು ಕೈಬಿಟ್ಟಿದ್ದೇನೆ. ಹಳ್ಳಿಯಲ್ಲಿ ಅದು ಅಂಗನವಾಡಿಯ ಪೊಟ್ಟಣ, ಬರೀ ‘ಪೂರಕ’ ಎಂದರೆ ಫೇಲಾದವರ ಪರೀಕ್ಷೆ. ‘ಪ್ರೋಟೀನ್ ಪುಡಿ’ ಸಾಕು. ‘ಸಸಾರಜನಕ’ ಪಠ್ಯಪುಸ್ತಕದಲ್ಲೇ ಸುಖವಾಗಿರಲಿ.

ಕೊನೆಯದು ‘ವೇ’. ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಪಾಲು ಹಾಲು ಒಡೆದಾಗ ಗಟ್ಟಿಯಾಗುವ ಕೇಸೀನ್, 20 ಪಾಲು ಈ ವೇಯಲ್ಲಿರುವ ಪ್ರೋಟೀನ್. ಬಣ್ಣಬಣ್ಣದ ಡಬ್ಬಿಗಳಲ್ಲಿ ಮಾರುವ ಪುಡಿ ಬಹುಮಟ್ಟಿಗೆ ಇದರದೇ. ಹಾಲು ಒಡೆದಾಗ ಗಟ್ಟಿಯಿಂದ ಬೇರ್ಪಡುವ ತಿಳಿಹಸಿರು ನೀರು ಅದು. ನಿಘಂಟಿನ ದಾರಿ ಹಿಡಿದರೆ ‘ಹಾಲೊಡಕು’, ಅದಕ್ಕೆ ಕೆಟ್ಟುಹೋದ ಹಾಲಿನ ವಾಸನೆ. ಗಟ್ಟಿ ಮೊಸರನ್ನು ಸೌಟಿನಿಂದ ತೆಗೆದ ಗುಳಿಯಲ್ಲಿ ಸ್ವಲ್ಪ ಹೊತ್ತಿಗೆ ನಿಲ್ಲುವ ನೀರನ್ನು ನಮ್ಮ ಮನೆಯಲ್ಲಿ ‘ಮೊಸರಿನ ತಿಳಿ’ ಎನ್ನುತ್ತೇವೆ. ‘ಹಾಲಿನ ತಿಳಿ’ ಎಂದು ಬರೆದರೆ ನೀರು ಬೆರೆಸಿದ ಹಾಲು ಎಂದು ಅರ್ಥವಾದೀತೇ? ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆಯ ಮನೆಗಳಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.