ಪದಚರ್ಚೆ: ಸೋಸೆಕಿಯ ‘ಕಾಯ್ಕಾ’ಕ್ಕೆ ಕನ್ನಡದಲ್ಲಿ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಜಪಾನಿನ ಕಾದಂಬರಿಕಾರ ನತ್ಸುಮೆ ಸೋಸೆಕಿ 1911ರ ಆಗಸ್ಟಿನಲ್ಲಿ ವಕಾಯಾಮಾದಲ್ಲಿ ಮಾಡಿದ ‘ಗೆಂದಾಯ್ ನಿಹೊನ್ ನೊ ಕಾಯ್ಕಾ’ (ಇಂದಿನ ಜಪಾನಿನ ಕಾಯ್ಕಾ) ಎಂಬ ಭಾಷಣವನ್ನು ಒಂದು ಮಾಸಪತ್ರಿಕೆಗಾಗಿ ಅನುವಾದಿಸುತ್ತಿದ್ದೇನೆ. ಶುಕ್ರವಾರದೊಳಗೆ ಪ್ರತಿ ಕೊಡಬೇಕು. ಶೀರ್ಷಿಕೆಯಲ್ಲೇ ಇರುವ ‘ಕಾಯ್ಕಾ’ ಇನ್ನೂ ಇತ್ಯರ್ಥವಾಗಿಲ್ಲ. ತೆರೆಯುವುದು, ಮಾರ್ಪಡುವುದು ಎಂಬ ಅರ್ಥದ ಎರಡು ಅಕ್ಷರಗಳು ಕೂಡಿ ಆದ ಪದವಿದು; ಜಪಾನು ಪಶ್ಚಿಮಕ್ಕೆ ತೆರೆದುಕೊಂಡ ಮೇಜಿ ಕಾಲದಲ್ಲಿ (1868–1912) ಎಲ್ಲರ ಬಾಯಲ್ಲಿದ್ದ ‘ಬುನ್‌ಮೆಯ್ ಕಾಯ್ಕಾ’ ಘೋಷಣೆಯ ಉತ್ತರಾರ್ಧ; ಅದರ ಪೂರ್ವಾರ್ಧಕ್ಕೆ ನಾಗರಿಕತೆ ಎಂದರ್ಥ. ‘ಆಧುನಿಕತೆ’ ಒಗ್ಗುತ್ತಿಲ್ಲ, ಏಕೆಂದರೆ ಅದು ಒಂದು ಸ್ಥಿತಿಯ ಹೆಸರು; ಸೋಸೆಕಿ ಮಾತನಾಡುತ್ತಿರುವುದು ಒಂದು ಚಲನೆಯ ಬಗ್ಗೆ, ಅದು ಎಲ್ಲಿಂದ ಹೊರಟಿತು ಎಂಬುದರ ಬಗ್ಗೆ. ಪಶ್ಚಿಮದ ಕಾಯ್ಕಾ ‘ನಾಯ್‌ಹತ್ಸುತೆಕಿ’, ಅಂದರೆ ಮೊಗ್ಗು ತಾನಾಗಿ ಬಿರಿದು ಎಸಳು ಹೊರಚಾಚುವಂತೆ ಒಳಗಿನಿಂದ ಬಂದದ್ದು. ಈಚಿನ ಜಪಾನಿನದು ‘ಗಾಯ್‌ಹತ್ಸುತೆಕಿ’, ಹೊರಗಿನ ಬಲ ಮೇಲೆ ಬಿದ್ದಾಗ ವಿಧಿಯಿಲ್ಲದೆ ಒಂದು ಆಕಾರ ತಳೆದದ್ದು ಎಂಬುದು ಅವನ ವಾದ. ಈ ಎರಡು ವಿಶೇಷಣಗಳಿಗೂ ಹೊಂದುವ ನಾಮಪದ ಬೇಕಾಗಿದೆ.

ಪ್ರತಿಕ್ರಿಯೆ 1

‘ಅರಳಿಕೆ’ ಎಂದು ಬರೆಯಿರಿ. ಹೂವಿನ ಹೋಲಿಕೆಯನ್ನು ಅವನೇ ಕೊಟ್ಟಿರುವಾಗ ಹುಡುಕಾಟ ಏಕೆಂದು ತಿಳಿಯುತ್ತಿಲ್ಲ. ಒಳಗಿನಿಂದ ಬಂದದ್ದು ‘ಒಳಹೊಮ್ಮಿನ ಅರಳಿಕೆ’, ಹೊರಗಿನಿಂದ ಬಂದದ್ದು ‘ಹೊರನೂಕಿನ ಅರಳಿಕೆ’. ಸಂಸ್ಕೃತದ ಹಂಗು ಇಲ್ಲಿ ಸಲ್ಲದು. ಜಪಾನೀಯರು ತಮ್ಮ ಹೊಸಗಾಲಕ್ಕೆ ಬೇಕಾದ ಪದಗಳನ್ನು ತಾವೇ ಕಟ್ಟಿಕೊಂಡರು, ನಾವೂ ಕಟ್ಟಬೇಕು.

ಪ್ರತಿಕ್ರಿಯೆ 2

ಮೇಲಿನ ಸಲಹೆಯನ್ನು ಒಪ್ಪಲಾಗದು. ಅದಕ್ಕೆ ಕಾರಣ ಭಾಷಣದ ಒಳಗೇ ಇದೆ. ಸೋಸೆಕಿ ಹೂವಿನ ಹೋಲಿಕೆಯನ್ನು ಒಳಗಿನಿಂದ ಬಂದ ಕಾಯ್ಕಾಕ್ಕೆ ಮಾತ್ರ ಮೀಸಲಿಟ್ಟಿದ್ದಾನೆ. ನಾಮಪದದಲ್ಲೇ ಹೂವನ್ನು ಕೂರಿಸಿದರೆ ಹೊರಬಲಕ್ಕೆ ಮಣಿದು ಬಂದದ್ದೂ ಅರಳಿದಂತಾಗಿ, ಅವನು ಅಷ್ಟು ನೋವಿನಿಂದ ಮಾಡಿದ ಭೇದವೇ ಅಳಿಸಿಹೋಗುತ್ತದೆ. ‘ಅಭ್ಯುದಯ’, ‘ಪ್ರಗತಿ’ ಎಂಬ ಪದಗಳೂ ಬೇಡ. ಶ್ರಮ ಉಳಿಸುವ ಉಪಾಯಗಳೂ ಶಕ್ತಿಯನ್ನು ಖುಷಿಗಾಗಿ ವ್ಯಯಿಸುವ ಹವ್ಯಾಸಗಳೂ ಎಷ್ಟು ಬೆಳೆದರೂ ಬದುಕಿನ ಸಂಕಟ ಹಗುರಾಗಿಲ್ಲ ಎಂಬುದನ್ನೇ ಅವನು ಕಾಯ್ಕಾ ಹೆತ್ತ ದೊಡ್ಡ ವಿರೋಧಾಭಾಸವೆಂದು ಕರೆಯುತ್ತಾನೆ. ಒಳಿತೆಂಬ ತೀರ್ಪನ್ನು ಹೊತ್ತ ಪದವನ್ನು ಅಂಥ ಭಾಷಣದ ತಲೆಯ ಮೇಲಿಡಬಾರದು.

ನನ್ನ ಸಲಹೆ ‘ವಿಕಾಸ’. ಅದರ ಧಾತುವಿನಲ್ಲಿ ಅರಳುವ ಅರ್ಥ ಇದ್ದೇ ಇದೆ, ಆದರೆ ಇಂದಿನ ಓದುಗನಿಗೆ ಅದು ಎದ್ದು ಕಾಣುವುದಿಲ್ಲ. ಆದ್ದರಿಂದ ಎರಡೂ ವಿಶೇಷಣಗಳನ್ನು ತಾಳಿಕೊಳ್ಳುತ್ತದೆ. ‘ಒಳಗಿನಿಂದ ಮೂಡಿದ ವಿಕಾಸ’, ‘ಹೊರಗಿನ ಒತ್ತಡಕ್ಕೆ ರೂಪ ತಳೆದ ವಿಕಾಸ’ ಎನ್ನಬಹುದು. ‘ಹೇರಿದ’ ಎನ್ನಬೇಡಿ, ಹೇರಿಕೆಯಲ್ಲಿ ಹೊರುವವನು ನಿಷ್ಕ್ರಿಯ, ಆದರೆ ಇಲ್ಲಿ ಆಕಾರ ತಳೆಯುವವರು ಜಪಾನೀಯರೇ.

ತಾವೇ ಕಟ್ಟಿಕೊಂಡರು ಎಂಬ ಮಾತಿನ ಬಗ್ಗೆ: ‘ಶಾಕಾಯ್’ (ಸಮಾಜ), ‘ಕೊಜಿನ್’ (ವ್ಯಕ್ತಿ) ಮುಂತಾದ ಮೇಜಿ ಪದಗಳು ಚೀನೀ ಧಾತುಗಳಿಂದ ಆದವು, ಜಪಾನಿನ ಮೂಲದ ನುಡಿಗಳಿಂದಲ್ಲ. ಚೀನೀ ಅಕ್ಷರಗಳು ಅವರಿಗೆ ಯಾವ ಕೆಲಸಕ್ಕೆ ಬಂದವೋ ಸಂಸ್ಕೃತ ನಮಗೆ ಅದೇ ಕೆಲಸಕ್ಕೆ ಬಂದಿದೆ. ಸ್ವತಃ ಸೋಸೆಕಿ 1916ರಲ್ಲಿ, ತೀರಿಕೊಳ್ಳುವ ವರ್ಷ, ಬೆಳಗಿನ ಹೊತ್ತು ‘ಮೇಅನ್’ ಕಾದಂಬರಿ ಬರೆದು ಮಧ್ಯಾಹ್ನ ಚೀನೀ ಭಾಷೆಯಲ್ಲಿ ಪದ್ಯ ಕಟ್ಟುತ್ತಿದ್ದ.

ಪ್ರತಿಕ್ರಿಯೆ 3

ಪದ್ಯ ಬೇರೆ, ಕಾದಂಬರಿ ಬೇರೆ. ಜಪಾನಿನ ಕಾದಂಬರಿ ಹೊಸದಾದದ್ದು 1887ರಲ್ಲಿ ಫುತಬತೆಯ್ ಶಿಮೆಯ್ ‘ಉಕಿಗುಮೊ’ದಲ್ಲಿ ಆಡುನುಡಿಗೆ ಹತ್ತಿರದ ಗದ್ಯವನ್ನು ತಂದಾಗ. ಕೆಲಸ ಕಳೆದುಕೊಂಡು, ಏನನ್ನೂ ನಿರ್ಧರಿಸಲಾಗದೆ ಕೋಣೆಯೊಳಗೆ ಕುದಿಯುವ ಅದರ ನಾಯಕ, ಆ ಗುಮಾಸ್ತನ ಮನಸ್ಸು ಹಳೆಯ ಪಂಡಿತಭಾಷೆಯಲ್ಲಿ ಹಿಡಿಯಲು ಸಿಗುತ್ತಿರಲಿಲ್ಲ. ‘ವಿಕಾಸ’ ಪಠ್ಯಪುಸ್ತಕದ ಪದ. ಅದನ್ನು ಕಂಡ ಓದುಗನಿಗೆ ಮಂಗನಿಂದ ಮಾನವನಾದ ಕಥೆ ನೆನಪಾಗುತ್ತದೆ.

ಪ್ರತಿಕ್ರಿಯೆ 4

ಮೋರಿ ಓಗಾಯ್‌ನನ್ನು ಮರೆತು ಮಾತನಾಡುತ್ತಿದ್ದೀರಿ. ‘ಉಕಿಗುಮೊ’ ಬಂದ ಮೇಲೆ, 1890ರಲ್ಲಿ, ಅವನು ‘ಮಾಯ್‌ಹಿಮೆ’ ಬರೆದ. ಬರ್ಲಿನ್ನಿನಲ್ಲಿ ತನ್ನತನವನ್ನು ಮೊದಲ ಬಾರಿಗೆ ಕಂಡುಕೊಂಡ ಸರ್ಕಾರಿ ಅಧಿಕಾರಿಯೊಬ್ಬ, ಪ್ರೀತಿಸಿದ ಹೆಣ್ಣನ್ನು ಬಿಟ್ಟು ನೌಕರಿಗೂ ನಾಡಿಗೂ ಮರಳುವ ಆ ಕಥೆಯ ಸಂಕಟ ಪೂರ್ತಿ ಹೊಸ ಕಾಲದ್ದು, ಶೈಲಿ ಮಾತ್ರ ಹಳೆಯ ಗ್ರಾಂಥಿಕ. ಹೊಸ ಮನಸ್ಸನ್ನು ಹಿಡಿಯಲು ಆಡುನುಡಿಯೊಂದೇ ದಾರಿ ಎಂಬ ಸಿದ್ಧಾಂತ ಅಲ್ಲಿಗೇ ಮುರಿದುಬೀಳುತ್ತದೆ. ಎರವಲನ್ನು ಕುರಿತು ಸೋಸೆಕಿಯ ನಿಲುವೂ ತಾವು ಎಣಿಸಿದಂಥದ್ದಲ್ಲ. ಹಿಂದೆ ಕೊರಿಯಾದಿಂದಲೂ ಚೀನಾದಿಂದಲೂ ಬಂದದ್ದನ್ನು ಅವನು ಅಲ್ಲಗಳೆಯುವುದಿಲ್ಲ. ಒಟ್ಟಾರೆ ನೋಡಿದರೆ ಆಗಿನ ನಡೆ ಒಳಗಿನದೇ ಆಗಿತ್ತು ಎನ್ನುತ್ತಾನೆ. ಪಶ್ಚಿಮ ನೂರು ವರ್ಷ ತೆಗೆದುಕೊಂಡದ್ದನ್ನು ಹತ್ತು ವರ್ಷಕ್ಕೆ ಇಳಿಸಿ ಓಡಿದರೆ ನರಗಳೇ ಸೋತುಹೋಗುತ್ತವೆ ಎಂಬುದು ಅವನ ದೂರು. ಅವನನ್ನು ಕಾಡಿದ್ದು ಎರವಲಿಗಿಂತ ಹೆಚ್ಚಾಗಿ, ಅದನ್ನು ಅರಗಿಸಿಕೊಳ್ಳಲು ಬಿಡುವು ಕೊಡದ ವೇಗ.

ಮಂಗನ ಆಕ್ಷೇಪಕ್ಕೆ ಪರಿಹಾರ ಸುಲಭ: ಶೀರ್ಷಿಕೆಯಲ್ಲಿ ‘ಇಂದಿನ ಜಪಾನಿನ ನಾಗರಿಕ ವಿಕಾಸ’ ಎಂದಿಟ್ಟು ಒಳಗೆ ಬರಿಯ ‘ವಿಕಾಸ’ ಬಳಸಬಹುದು. ಅನುವಾದಕರು ಕೇಳದಿದ್ದರೂ ಇನ್ನೊಂದು ಪದದ ಬಗ್ಗೆ ಹೇಳಬೇಕಾಗಿದೆ, ಏಕೆಂದರೆ ಭಾಷಣದ ಭಾರವೆಲ್ಲ ಅಲ್ಲಿದೆ. ಕೊನೆಯ ಭಾಗದ ‘ಉವಾಸುಬೆರಿ’ಯನ್ನು ‘ಆಳವಿಲ್ಲದ’ ಎಂದು ಮುಗಿಸಿಬಿಡಬೇಡಿ. ಅದರಲ್ಲಿ ಜಾರುವ ಕ್ರಿಯೆ ಇದೆ. ಇದು ಕೆಟ್ಟದ್ದು, ನಿಲ್ಲಿಸಿ ಎಂದು ಅವನು ಹೇಳುವುದಿಲ್ಲ, ಕಣ್ಣೀರು ನುಂಗಿಕೊಂಡು ಜಾರುತ್ತಲೇ ಹೋಗಬೇಕಾಗಿದೆ ಎನ್ನುತ್ತಾನೆ. ‘ಮೇಲೆಮೇಲೆಯೇ ಜಾರಿಹೋಗುವ ವಿಕಾಸ’ ಎಂದರೆ ಉದ್ದವಾದೀತು, ಆದರೂ ಹಾಗೆಯೇ ಇರಲಿ.