ಮಗುವಿಗೆ ಬೋನ್ ಸ್ಕ್ಯಾನ್ ಆದಮೇಲೂ ಎಂಐಬಿಜಿ ಸ್ಕ್ಯಾನ್ ಬೇಕೇ?

ಪ್ರಶ್ನೆ (ಶಿರಸಿಯಿಂದ):
ನನ್ನ ತಂಗಿಯ ನಾಲ್ಕು ವರ್ಷದ ಮಗನಿಗೆ ಹೊಟ್ಟೆಯಲ್ಲಿ ನ್ಯೂರೋಬ್ಲಾಸ್ಟೋಮಾ (ಚಿಕ್ಕ ಮಕ್ಕಳಲ್ಲಿ ಬರುವ ಒಂದು ಕ್ಯಾನ್ಸರ್) ಗಡ್ಡೆ ಇದೆಯೆಂದು ಬಯಾಪ್ಸಿಯಿಂದ ತಿಳಿದಿದೆ. ರಾತ್ರಿ ಕಾಲುನೋವೆಂದು ಅಳುತ್ತಿದ್ದವನಿಗೆ, ಆಡಿ ದಣಿದಿರಬೇಕೆಂದು ನಾವು ಎಣ್ಣೆ ತಿಕ್ಕಿ ಮಲಗಿಸುತ್ತಿದ್ದೆವು. ಅದನ್ನು ನೆನೆದರೆ ಈಗ ಸಂಕಟವಾಗುತ್ತದೆ. ಮೂಳೆಗೆ ಹರಡಿದೆಯೇ ಎಂದು ತಿಳಿಯಲು ಮಾಡಿದ ಬೋನ್ ಸ್ಕ್ಯಾನ್ ಸ್ಪಷ್ಟ ಉತ್ತರ ಕೊಟ್ಟಿಲ್ಲ. ಎಂಐಬಿಜಿ ಸ್ಕ್ಯಾನಿಗೆಂದು ದೇವಿಮನೆ ಘಟ್ಟ ಇಳಿದು ಅಷ್ಟು ದೂರ ಅವನನ್ನು ಮತ್ತೆ ಕರೆದೊಯ್ಯುವ ಅಗತ್ಯ ನಿಜವಾಗಿಯೂ ಇದೆಯೇ?

ಉತ್ತರ 1 (ಮೂಲತಃ ಕುಮಟಾದವನು, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ತಂತ್ರಜ್ಞ):
ದಯವಿಟ್ಟು ಕರೆದೊಯ್ಯಿರಿ. ಬೋನ್ ಸ್ಕ್ಯಾನಿನಲ್ಲಿ ಕೊಡುವ, ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಬೆರೆತ ಔಷಧವು ಗಡ್ಡೆಯ ಕೋಶಗಳನ್ನು ಹುಡುಕುವುದಿಲ್ಲ, ಹೊಸ ಮೂಳೆ ಕಟ್ಟುವ ಕೆಲಸ ಎಲ್ಲಿ ಜೋರಾಗಿದೆಯೋ ಅಲ್ಲಿ ಸೇರಿಕೊಳ್ಳುತ್ತದೆ. ಬೆಳೆಯುವ ಮಕ್ಕಳಲ್ಲಿ ಮೊಣಕಾಲು, ಭುಜ, ಮಣಿಕಟ್ಟುಗಳ ಬಳಿಯ ಬೆಳವಣಿಗೆಯ ಪಟ್ಟಿಗಳು ಸಹಜವಾಗಿಯೇ ಗಾಢವಾಗಿ ಕಾಣುತ್ತವೆ. ನ್ಯೂರೋಬ್ಲಾಸ್ಟೋಮಾ ಅದೇ ಜಾಗಗಳಿಗೆ, ಅದೂ ಎರಡೂ ಕಾಲುಗಳಲ್ಲಿ ಒಂದೇ ರೀತಿ ಹರಡಿದರೆ, ಅನುಭವಿಗಳ ಕಣ್ಣಿಗೂ ತಪ್ಪಿಹೋಗಬಹುದು. ವಿಕಿರಣ ಸೂಸುವ ಅಯೋಡಿನ್ ಸೇರಿಸಿದ ಎಂಐಬಿಜಿ ಎಂಬ ಔಷಧ ಹಾಗಲ್ಲ. ಅದು ನಾರ್‌ಅಡ್ರಿನಲಿನ್ ಎಂಬ, ನರಗಳ ಸಂದೇಶ ಒಯ್ಯುವ ರಾಸಾಯನಿಕವನ್ನು ಹೋಲುವ ಅಣುವಾದ್ದರಿಂದ ಈ ಗಡ್ಡೆಯ ಕೋಶಗಳು ಅದನ್ನು ಒಳಗೆಳೆದುಕೊಳ್ಳುತ್ತವೆ. ಮೂಳೆಯಲ್ಲಷ್ಟೇ ಅಲ್ಲ, ಮಜ್ಜೆಯಲ್ಲಿ ಕುಳಿತದ್ದೂ ಕಾಣುತ್ತದೆ. ಸುಮಾರು 90% ನ್ಯೂರೋಬ್ಲಾಸ್ಟೋಮಾಗಳು ಇದನ್ನು ಹೀರಿಕೊಳ್ಳುತ್ತವೆ. ಹೀರದವುಗಳಿಗೆ ಪೆಟ್ ಎಂಬ ಬೇರೆ ಬಗೆಯ ಸ್ಕ್ಯಾನ್ ನೆರವಾಗುತ್ತದೆ. ಔಷಧದ ಪ್ರಮಾಣವನ್ನು ಮಗುವಿನ ತೂಕ ನೋಡಿಯೇ ನಿರ್ಧರಿಸುತ್ತಾರೆ. ಹರಡುವಿಕೆ ಗೊತ್ತಾಗದೆ ಚಿಕಿತ್ಸೆ ಕಡಿಮೆಯಾಗುವ ಅಪಾಯದ ಮುಂದೆ ಆ ವಿಕಿರಣ ಸಣ್ಣದು ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 2 (ಹೊನ್ನಾವರದ ತಾಯಿ):
ನನ್ನ ಮಗಳಿಗೂ ಇದು ಆಗಿತ್ತು. ಚುಚ್ಚುಮದ್ದು ಕೊಟ್ಟ ದಿನವೇ ಚಿತ್ರ ತೆಗೆಯುವುದಿಲ್ಲ, ಮರುದಿನ ಅಥವಾ ಇನ್ನೂ ಒಂದು ದಿನ ಬಿಟ್ಟು ತೆಗೆಯುತ್ತಾರೆ; ಆದ್ದರಿಂದ ಉಳಿಯಲು ಕೋಣೆಯನ್ನು ಮೊದಲೇ ನೋಡಿಕೊಳ್ಳಿ. ಥೈರಾಯ್ಡ್ ಗ್ರಂಥಿಯನ್ನು ಕಾಪಾಡಲು ಮುಂಚಿತವಾಗಿ ಅಯೋಡಿನ್ ಹನಿ ಕೊಡುತ್ತಾರೆ, ರುಚಿ ಕೆಟ್ಟದಾಗಿರುವುದರಿಂದ ನಾವು ಹಣ್ಣಿನ ರಸದಲ್ಲಿ ಬೆರೆಸುತ್ತಿದ್ದೆವು. ನನ್ನ ನಾದಿನಿ ಗರ್ಭಿಣಿಯಾಗಿದ್ದುದರಿಂದ, ಕೆಲವು ದಿನ ಮಗಳನ್ನು ಎತ್ತಿಕೊಳ್ಳುವುದು ಬೇಡವೆಂದು ಅವಳಿಗೆ ಹೇಳಿದ್ದರು.

ಉತ್ತರ 3 (ಮತ್ತೆ ಕುಮಟಾದವನು):
ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೂಗು ಕಟ್ಟಿದ್ದಕ್ಕೆಂದು ಅಂಗಡಿಯಲ್ಲಿ ಸಿಗುವ ಕೆಲವು ಶೀತದ ಔಷಧಗಳು ಎಂಐಬಿಜಿ ಕೋಶದೊಳಗೆ ಹೋಗದಂತೆ ತಡೆಯುತ್ತವೆ. ಆಗ ರೋಗವಿದ್ದರೂ ಚಿತ್ರದಲ್ಲಿ ಕಾಣದೆ ಹೋಗಬಹುದು.

ಪ್ರಶ್ನೆ ಕೇಳಿದವರು:
ಕಳೆದ ವಾರದಿಂದ ಅವನಿಗೆ ಶೀತದ ಸಿರಪ್ ಕೊಡುತ್ತಿದ್ದೇವೆ. ಬಾಟಲಿಯ ಹೆಸರನ್ನು ಬರೆದಿಟ್ಟುಕೊಂಡಿದ್ದೇನೆ. ನಾಳೆ ಬೆಳಿಗ್ಗೆಯೇ ಸ್ಕ್ಯಾನ್ ವಿಭಾಗಕ್ಕೆ ಫೋನ್ ಮಾಡಿ, ಅದನ್ನು ನಿಲ್ಲಿಸಿ ಎಷ್ಟು ದಿನ ಕಾಯಬೇಕೆಂದು ಕೇಳಿಕೊಂಡೇ ಹೊರಡುತ್ತೇವೆ.